ಟೊಂಯ್ ಎನ್ನದ ಬಂದೂಕು

ನೆದರ್ಟನ್, ಡಡ್ಲಿ
೧೭ ಏಪ್ರಿಲ್ ೧೯೯೪, ಭಾನುವಾರ

ಪ್ರೀತಿಯ ತಮ್ಮ ಕ್ಲೈವ್‌ಗೆ,

ಇಲ್ಲಿ ನಾವೆಲ್ಲ ನಮ್ಮ ನಮ್ಮ ಮಟ್ಟಿಗೆ ಕ್ಷೇಮ. ಹೋಬಾರ್ಟಿನಲ್ಲಿ ನೀವೂ ಹಾಗೇ ಇದ್ದೀರಿ ಅಂದುಕೊಂಡಿದ್ದೇನೆ. ಉತ್ತರ ತಡವಾಯಿತು. ಕೈಗೆ ಅಂಟಿದ ಕಪ್ಪು ಗ್ರೀಸು ಹೋಗಲಿ ಎಂದು ಕಾಯುತ್ತಿದ್ದೆ. ಅದು ಹೋಗಲಿಲ್ಲ, ಕಾಗದದ ಅಂಚಿನಲ್ಲಿ ಕಾಣುವ ಹೆಬ್ಬೆಟ್ಟಿನ ಗುರುತನ್ನು ನನ್ನ ಸಹಿಯೆಂದೇ ತಿಳಿ.

ಅಪ್ಪನ ಏರ್ ರೈಫಲ್ ಬಿಚ್ಚಿದ್ದೆ. ಹೌದು, ಮುಟ್ಟಿದರೆ ನಮ್ಮ ಕಿವಿ ಹಿಂಡುತ್ತಿದ್ದರಲ್ಲ, ಅದೇ. ಚಳಿಗಾಲದ ಹೃದಯಾಘಾತದ ನಂತರ ಅಪ್ಪನ ಕೈ ಮೊದಲಿನಂತಿಲ್ಲ. ಅದರ ಮೇಲೆ, ಬಂದೂಕಿನ ಕುದುರೆ ಎಳೆದರೆ ಒಳಗಿನ ಸ್ಪ್ರಿಂಗು ಟೊಂಯ್ ಎಂದು ಒದರಿ ಹಿಡಿಯೆಲ್ಲ ನಡುಗಿಸುತ್ತಿತ್ತು. ಗುಂಡು ಗುರಿ ಬಿಟ್ಟು ಊರು ಸುತ್ತುತ್ತಿತ್ತು. "ಹಿಂಗೇ ಆದ್ರೆ ಮೇ ತಿಂಗಳ ಪಂದ್ಯ ಮುಗಿಸಿ ಶೂಟಿಂಗ್ ಕ್ಲಬ್ಬು ಬಿಟ್ಬಿಡ್ತೀನಿ ಏವ್ರಿಲ್," ಅಂದರು. ಕ್ಲಬ್ಬಿಲ್ಲದ ಅಪ್ಪ ಏನಾಗುತ್ತಾರೆಂದು ನಿನಗೂ ಗೊತ್ತು, ಅವರ ಕುರ್ಚಿಗೂ ಗೊತ್ತು.

ಆದರೆ ನನ್ನನ್ನು ಶೆಡ್ಡಿಗೆ ಎಳೆದದ್ದು ಕರುಣೆಗಿಂತ ಕುತೂಹಲ. ಆ ಕಬ್ಬಿಣದ ಕೊಳವೆಯೊಳಗೆ ಕೂತು ಹಾಡುವುದು ಯಾರು?

ಸ್ಪ್ರಿಂಗನ್ನು ಕ್ಲಾಂಪಿನಲ್ಲಿ ಒತ್ತಿಹಿಡಿದು ಒಂದೊಂದೇ ಸುತ್ತು ಸಡಿಲಿಸಿದೆ. "ಮುಖ ಆಚೆ ಇಟ್ಕೋ. ಅದು ಹಾರಿದ್ರೆ ನಿನ್ನ ಮೂಗೂ ನನ್ನ ಮೂಗಿನ ಥರ ಆಗುತ್ತೆ," ಅಂದರು ಅಪ್ಪ. ಕಳ್ಳ ಸಿಕ್ಕಿದ. ಸ್ಪ್ರಿಂಗು ಪಿಸ್ಟನ್ನಿನೊಳಗೆ ಸಡಿಲವಾಗಿತ್ತು, ಅಣ್ಣನ ಬೂಟಿನಲ್ಲಿ ತಮ್ಮನ ಕಾಲಿನ ಹಾಗೆ. ನಿಂಬೆ ಶರಬತ್ತಿನ ಪ್ಲಾಸ್ಟಿಕ್ ಬಾಟಲಿ ಕತ್ತರಿಸಿ ಪಿಸ್ಟನ್ನಿನ ಒಳಗೋಡೆಗೆ ಒಂದು ಸುತ್ತು ಅಂಗಿ ತೊಡಿಸಿದೆ. ಸ್ಪ್ರಿಂಗಿನ ತುದಿ ಉಜ್ಜಿ ನಯ ಮಾಡಿದೆ. "ಗ್ರೀಸು ಚೂರೇ ಚೂರು," ಅಂದಿದ್ದರು ಅಪ್ಪ. ನಾನು ಬ್ರೆಡ್ಡಿಗೆ ಬೆಣ್ಣೆ ಸವರಿದ ಹಾಗೆ ಪಿಸ್ಟನ್ನಿನ ಮೂತಿಗೂ ಸವರಿದೆ. ಒತ್ತಿದ ಗಾಳಿಯ ಬಿಸಿಗೆ ಅದೆಲ್ಲ ಹೊತ್ತಿಕೊಂಡು, ಮೊದಲ ಗುಂಡಿಗೇ ಢಮ್ ಅಂತ ಸದ್ದು, ಶೆಡ್ಡಿನ ತುಂಬ ಹೊಗೆ.

ಪಕ್ಕದ ಮನೆಯ ಮಿಸೆಸ್ ಟ್ರಾಂಟರ್ ಬೇಲಿ ಮೇಲಿಂದ ತಲೆ ಹಾಕಿ, "ಹೊರೇಸ್, ಬದುಕಿದ್ದೀರಾ?" ಅಂದಳು.

"ಮಗಳು ಪ್ರಯತ್ನ ಪಡ್ತಿದಾಳೆ," ಅಂದರು ಅಪ್ಪ.

ಎಲ್ಲ ಒರೆಸಿ ಮತ್ತೆ ಕೂಡಿಸಿದೆ. ಈಗ ಬರೀ ಟಪ್, ಯಾರೋ ಚರ್ಚಿನಲ್ಲಿ ಪುಸ್ತಕ ಮುಚ್ಚಿದ ಹಾಗೆ. ಅಪ್ಪ ಶೆಡ್ಡಿನ ಕಿಟಕಿಯ ಹಲಗೆಗೆ ರೈಫಲ್ ಊರಿ, ತೋಟದ ಗೋಡೆಗೆ ಅಂಟಿಸಿದ ಗುರಿಯ ಕಾಗದಕ್ಕೆ ಹೊಡೆದರು. ಗುಂಡುಗಳು ಒಂದರ ಪಕ್ಕ ಒಂದು ಕೂತವು. ಅಪ್ಪ ರೈಫಲನ್ನು ತಿರುಗಿಸಿ ನೋಡಿ, "ಇದು ಯಾರದು ಮಗಳೇ?" ಅಂದರು. "ಸದ್ದು ಸತ್ತಿತು, ಗುರಿ ಹತ್ತಿತು," ಅಂದೆ. "ಪದ್ಯ ಸಾಕು, ಟೀ ಬೇಕು," ಅಂದರು. ಕ್ಲಬ್ಬು ಬಿಡುವ ಮಾತು ಬಿಟ್ಟಿದ್ದಾರೆ.

ಮಕ್ಕಳಿಗೆ ಅತ್ತೆಯ ಮುತ್ತು. ನಿಮ್ಮ ಛಾವಣಿ ಗಟ್ಟಿಯಿರಲಿ, ನಿಮ್ಮ ನಗು ಅದಕ್ಕಿಂತ ಗಟ್ಟಿಯಿರಲಿ.

ನಿನ್ನ ಅಕ್ಕ,
ಏವ್ರಿಲ್

ತಾ.ಕ.: ಅಮ್ಮನ ವಿಷಯ ಬರೆಯಬಾರದು ಅಂತಿದ್ದೆ. ಹೋದ ವಾರ ನಾನು ಬಂದಾಗ ಅಮ್ಮ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಶೆಡ್ಡಿನ ಮುಂದೆ ನಿಂತಿದ್ದಳು, ಚಿಲಕದ ಮೇಲೆ ಕೈಯಿಟ್ಟು. "ಬೆಳಿಗ್ಗೆಯಿಂದ ಸದ್ದೇ ಇಲ್ಲ ಕಣೇ. ಬಾಗಿಲು ನೀನೇ ತೆಗಿ. ನನ್ ಕೈಲಾಗಲ್ಲ." ಒಳಗೆ ಅಪ್ಪ ಸೊಗಸಾಗಿ, ಸದ್ದಿಲ್ಲದೆ ಹೊಡೆಯುತ್ತ ಕೂತಿದ್ದರು. ಚಳಿಗಾಲದಿಂದ ಅಮ್ಮ ಆ ಟೊಂಯ್ ಕೇಳಿ, ಅವರು ಇದ್ದಾರೆ ಅಂದುಕೊಂಡೇ ಅಡುಗೆಮನೆಯಲ್ಲಿ ಆಲೂಗಡ್ಡೆ ಹೆಚ್ಚುತ್ತಿದ್ದಳಂತೆ. ನಮಗ್ಯಾರಿಗೂ ಗೊತ್ತಿರಲಿಲ್ಲ.

ಬಾಟಲಿಯ ಅಂಗಿ ಕಳಚಿಬಿಡಲಾ ಅಂತ ಕೇಳಿದೆ. "ಬೇಡ, ಅವರು ಕ್ಲಬ್ಬು ಬಿಡ್ತಾರೆ," ಅಂದಳು. ಅದಕ್ಕೆ ಅವಳ ಟೀ ಡಬ್ಬಿಯ ಮುಚ್ಚಳವನ್ನೇ ಗುರಿಯ ಜಾಗದಲ್ಲಿ ತೂಗುಹಾಕಿದೆ. ಗುಂಡು ತಾಕಿದರೆ ಠಣ್ ಅನ್ನುತ್ತೆ, ಅಡುಗೆಮನೆಗೂ ಕೇಳುತ್ತೆ. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಆದರೆ ಕ್ಲೈವ್, ಟೊಂಯ್ ಪ್ರತಿ ಗುಂಡಿಗೂ ಕೇಳುತ್ತಿತ್ತು. ಠಣ್ ಕೇಳುವುದು ಗುರಿ ತಾಕಿದಾಗ ಮಾತ್ರ. ಪಂದ್ಯದಲ್ಲಿ ಊರಲು ಹಲಗೆ ಇರುವುದಿಲ್ಲವೆಂದು ಅಪ್ಪ ಈಗ ರೈಫಲನ್ನು ಕೈಯಲ್ಲೇ ಎತ್ತಿ ಹಿಡಿದು ಹೊಡೆಯುತ್ತಾರೆ, ಗುರಿ ತಪ್ಪುತ್ತದೆ. ಆ ಕೈಯನ್ನು ಬಿಚ್ಚಿ ನಯ ಮಾಡಲು ನನಗೆ ಬರುವುದಿಲ್ಲ. ಅಮ್ಮನ ಚಾಕು ಆಗಾಗ ಆಲೂಗಡ್ಡೆಯ ಅರ್ಧದಲ್ಲೇ ನಿಲ್ಲುತ್ತದೆ. ಇವತ್ತು ತುಂಬ ಹೊತ್ತು ನಿಂತಿತ್ತು.