ಕೊನೆಯ ಹದಿನೈದು ನಿಮಿಷ

ಬೆಳಗಾವಿ, ಭಾದ್ರಪದ, ೧೯೨೭

ಗೆಳೆಯ ಪಾರೀಸ,

ಇವತ್ತು ಫುಟ್‌ಬಾಲ್ ತಂಡದ ಸೆಂಟರ್ ಫಾರ್ವರ್ಡ್ ಆಯ್ಕೆಗೆ ನಿನ್ನ ತಮ್ಮ ಉತ್ತಮ ಬಂದಿದ್ದ. ಎಡಗಾಲಿನ ಹೊಡೆತ ಥೇಟ್ ನಿನ್ನದೇ. ಬಲಗಾಲು ನೆಪಕ್ಕಷ್ಟೇ. ಗೋಲಿನೆದುರು ಗಡಿಬಿಡಿಯಿಲ್ಲ. ಕೊನೆಯ ಹದಿನೈದು ನಿಮಿಷ ಮಾತ್ರ ನಿನ್ನಂತೆಯೇ ಸೊಂಟ ಹಿಡಿದು ನಿಂತುಬಿಟ್ಟ.

"ದಮ್ಮಿಲ್ಲೇನೋ?" ಎಂದು ಗದರಿದೆ.

"ನಮ್ಮ ಜೈನರ ದಶಲಕ್ಷಣ ಪರ್ವ ಐತ್ರಿ. ಎರಡ ದಿನದಿಂದ ಉಪಾಸ ಅದೀನಿ. ಅಣ್ಣನೂ ಹಿಂಗ ಉಪಾಸ ಇದ್ದು ಆಡಿದ್ದ."

ಮೂರು ವರ್ಷದ ಹಿಂದೆ ಇದೇ ದಿನಗಳಲ್ಲಿ ನಡೆದ ಆಯ್ಕೆಯ ಚೀಟಿಯಲ್ಲಿ ನಿನ್ನ ಹೆಸರಿನ ಮುಂದೆ 'ದಮ್ಮಿಲ್ಲ' ಎಂದು ಬರೆದವನು ನಾನೇ. ಆಮೇಲೆ ನೀನು ನಿಮ್ಮೂರು ಖಾನಾಪುರ ಬಿಟ್ಟು ಜಾಂಬೋಟಿ ಕಾಡಿಗೆ ಗುಮಾಸ್ತನಾಗಿ ಹೋದೆ. ಅಲ್ಲಿಯ ಚಳಿಜ್ವರದಿಂದ ಮತ್ತೆ ಏಳಲಿಲ್ಲ.

ಪರ್ವ ಮುಗಿದ ಮೇಲೆ ಉತ್ತಮನನ್ನು ಇನ್ನೊಮ್ಮೆ ನೋಡೋಣವೆಂದು ತಂಡದ ಕಾರ್ಯದರ್ಶಿಯವರ ಹತ್ತಿರ ಹಟ ಹಿಡಿದೆ. ಅವರು ನನ್ನ ಹಳೆಯ ಚೀಟಿ ತೆಗೆದು ಮುಂದಿಟ್ಟರು.

"ಈ ಮನಿಯವರಿಗೆ ದಮ್ಮಿಲ್ಲಂತ ನೀವ ಬರದೀರಲ್ರಿ?"