ಹದಿನಾಲ್ಕನೆಯ ಅಟ್ಟಿ

ದಾಂಡೇಲಿ
೮ ಡಿಸೆಂಬರ್ ೨೦೨೪

ನನ್ನ ಮೇಲೆ ಮುನಿದಿರುವ ರಾಜಶ್ರೀಗೆ,

ನೀನು ಫೋನ್ ಎತ್ತುವುದಿಲ್ಲ. ಅದಕ್ಕೇ ನಿಮ್ಮೂರು ಚಿಗಳ್ಳಿಯ ಅಂಚೆಯವರನ್ನು ನಂಬಿ ಈ ಕಾಗದ. ಹರಿದು ಒಗೆಯುವ ಮೊದಲು ಒಮ್ಮೆ ಓದು, ತಾಯಿ.

ಬೆಳಗಾದರೆ ಕಾಳಿ ಹೊಳೆಯ ಮಂಜು ನಮ್ಮ ಹಿತ್ತಲತನಕ ಬರುತ್ತದೆ. ಅದರೊಳಗೆ ಕೂತು ಕಣ್ಣು ಮುಚ್ಚಿದರೆ ಸಾಗವಾನಿ ದಿಮ್ಮಿಗಳು ಸದ್ದಿಲ್ಲದೆ ಒಂದರ ಮೇಲೊಂದು ಏರಿ ಕೂರುತ್ತವೆ. ನಾನು ಅಟ್ಟಿಗಳನ್ನು ಎಣಿಸುತ್ತೇನೆ. ಹದಿಮೂರಕ್ಕೆ ಬಂದಾಗ ನೀನು ಪಕ್ಕದಲ್ಲಿ ಕೂತು "ಇನ್ನೊಂದ ಐತಿ" ಅನ್ನುತ್ತೀ. ದಿನಾ ಹೀಗೇ.

ಧಾರವಾಡದ ಹಾಸ್ಟೆಲ್ಲಿನಲ್ಲಿ ಇಬ್ಬರೂ ಶುರು ಮಾಡಿದ ಲೆಕ್ಕ ನೆನಪಿದೆಯಲ್ಲ? ಕೆಳಗೆ ಒತ್ತೊತ್ತಾಗಿ ನಾಲ್ಕು ದಿಮ್ಮಿ. ಮೇಲೆ ಒಂದೂ ಇಡದಿದ್ದರೂ ಸರಿ, ಇಟ್ಟರೆ ಪ್ರತಿಯೊಂದೂ ಕೆಳಗಿನ ಎರಡರ ಮೇಲೆ ಕೂರಬೇಕು. ಎಷ್ಟು ಬಗೆಯ ಅಟ್ಟಿ? ನಾಲ್ಕಲ್ಲ, ನಾನೂರಿದ್ದರೂ ಹೇಳುವಂಥ ಕೋಡ್ ಬರೆದು, ಯಾರು ಬೇಕಾದರೂ ಬಳಸುವ, ತಿದ್ದುವ ಆ ಮುಕ್ತ ಗಣಿತ ತಂತ್ರಾಂಶಕ್ಕೆ ಇಬ್ಬರ ಹೆಸರಲ್ಲೂ ಕೊಡುವುದೆಂದು ಮಾತಾಗಿತ್ತು. ನೀನು ಹದಿನಾಲ್ಕು ಅಂದೆ. ನಾನು ಹದಿಮೂರೇ ಅಂದೆ. ನಮ್ಮ ಅಬ್ಬಾ ಮೂವತ್ತು ವರ್ಷ ನಾಟಾ ಡಿಪೋದಲ್ಲಿ ಅಟ್ಟಿ ಹಾಕಿದವರು, ಸಾಲಿನ ನಡುವೆ ಸಂದು ಬಿಡಬಾರದು ಅನ್ನುತ್ತಾರೆ ಎಂದು ವಾದಿಸಿದೆ. "ನೀ ಯಾವಾಗರ ದಿಮ್ಮಿ ಮುಟ್ಟಿಯೇನ?" ಎಂದು ನಕ್ಕೆ ಕೂಡ. ಆಮೇಲೆ ನಿನ್ನ ಹೆಸರು ತೆಗೆದು ಕಳಿಸಿಬಿಟ್ಟೆ. ಎಂಥ ಸೊಕ್ಕು ನನಗೆ!

ಅದನ್ನು ಪರಿಶೀಲಿಸಿದ ಯಾರೋ ದೂರದೇಶದವರು ಒಂದು ಚಿತ್ರ ಬರೆದು ಕೇಳಿದರು: ಕೆಳಗೆ ನಾಲ್ಕು, ಮೇಲೆ ಆ ತುದಿಗೊಂದು ಈ ತುದಿಗೊಂದು, ನಡುವೆ ಖಾಲಿ, ಇದೇಕೆ ನಿಮ್ಮ ಎಣಿಕೆಯಲ್ಲಿ ಇಲ್ಲ? ಹೋದ ವಾರ ಅಬ್ಬಾಗೆ ಹೇಳಿದೆ. ಅವರು ಕನ್ನಡಕ ಏರಿಸಿಕೊಂಡು ಅಂದರು: "ಸಂದ ಬಿಡಬಾರ್ದು ಅಂದಿದ್ದು ಲಾರಿಗೆ ಹೇರೂಮುಂದ, ಬೇಟಿ. ಒಣಗಾಕ ಇಡೂಮುಂದ ಗಾಳಿ ಆಡ್ಲಿ ಅಂತ ಬಿಡಾಕ ಬೇಕ."

ಕೋಡ್ ತಿದ್ದಿದ್ದೇನೆ. ಈಗ ಹದಿನಾಲ್ಕು ಬರುತ್ತದೆ. ನಿನ್ನ ಹೆಸರು ಮೊದಲು, ನನ್ನದು ಆಮೇಲೆ. ಆದರೆ ನೀನು ಒಪ್ಪದೆ ನಿನ್ನ ಹೆಸರು ಹಾಕುವ ಹಕ್ಕು ನನಗಿಲ್ಲ, ಅದಕ್ಕೇ ಕಳಿಸದೆ ಇಟ್ಟಿದ್ದೇನೆ. ಒಂದು ಸಲ ಹೂಂ ಅನ್ನು, ಸಾಕು. ನೀನಿಲ್ಲದೆ ಲೆಕ್ಕ ಮಾಡುವುದು ಬಹಳ ಬೇಸರ, ನೋಡು.

ನಿನ್ನ ಹೂಂಗೆ ಕಾದಿರುವ
ಇಶ್ರತ

ತಾ.ಕ.: ಕಾಗದ ಮಡಚಿದವಳು ಮತ್ತೆ ಬಿಚ್ಚಿದೆ. ಹೋದ ವಾರ ಎಂದು ಬರೆದದ್ದು ಸುಳ್ಳು. ಅಬ್ಬಾ ಆ ಮಾತು ಹೇಳಿದ್ದು ನಾನು ಕೋಡ್ ಕಳಿಸುವ ಹಿಂದಿನ ದಿನ. ನಿನ್ನ ಮುಂದೆ ಸೋಲಲಾರದೆ, ತಪ್ಪೆಂದು ಗೊತ್ತಿದ್ದೂ ಕಳಿಸಿದೆ. ಇದನ್ನು ಓದಿದ ಮೇಲೂ ಹೂಂ ಅನ್ನುವುದಾದರೆ ಅನ್ನು.