ಬೂದು ಬಣ್ಣದ ಶಾಲು

ದಾರ್ಸೈಟ್
ಶುಕ್ರವಾರ, ೧೨ ಸೆಪ್ಟೆಂಬರ್ ೨೦೨೫

ಪ್ರೀತಿಯ ಮಲ್ಲಕ್ಕ,

ಈಗ ಸಂಜೆ ಏಳು ಗಂಟೆ. ಮಾತಾಡಿಸಲು ಬಂದವರಿಗೆ ಚಹಾ ಮಾಡುವುದರಲ್ಲೇ ಹಗಲು ಕಳೆಯಿತು. ಫೋನ್ ಮಾಡಿದರೆ ನೀನು ಅಳುತ್ತೀ, ಆಮೇಲೆ ನಾನೇ ನಿನ್ನನ್ನು ಸಮಾಧಾನ ಮಾಡಬೇಕಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಈ ಕೊಲ್ಲಿ ನಗರದ ಇನ್ನೊಂದು ತುದಿಯ ಅಲ್ ಮಬೇಲಾದಿಂದ ನಮ್ಮ ಕಡೆಯವರೇ ಆದ ಸಚ್ಚಿದಾನಂದ ಅವರು ಹೆಂಡತಿಯ ಜೊತೆ ಬಂದಿದ್ದರು. ಅವ್ವನ ವಿಷಯ ಎರಡು ಮಾತಾಡಿ ಆದಮೇಲೆ ನಮ್ಮ ಸಾಗರ್ ಟೀವಿಯಲ್ಲಿ ನಾವು ಮೊನ್ನೆ ಹೋಗಿಬಂದ ಆಲ್ಪ್ಸ್ ಪ್ರವಾಸದ ಫೋಟೊ ಹಾಕಿದರು, ಮನಸ್ಸು ಹಗುರಾಗಲಿ ಅಂತ. ಸರೋವರ, ನೀರಿಗೆ ಅಂಟಿಕೊಂಡೇ ನಿಂತ ಮರದ ಮನೆಗಳು, ಕಿಟಕಿಗಳ ತುಂಬ ಕೆಂಪು ಹೂ, ಮುಂದೆ ನಗುತ್ತ ನಿಂತ ನಾವು ಗಂಡ ಹೆಂಡತಿ. “ಅಬಾಬಾ, ಏನ್ ಛಂದ ನಗಾಕತ್ತೀರಿ ವೈನಿ!” ಅಂದರು ಸಚ್ಚಿದಾನಂದ. ಹೆಂಡತಿ ಅವರನ್ನು ಮೊಣಕೈಯಿಂದ ತಿವಿದರು.

ಆ ಫೋಟೊ ತೆಗೆದ ದಿನವೇ ನೀವು ಅವ್ವನಿಗೆ ಮಣ್ಣು ಕೊಟ್ಟಿರಿ.

“ದಾರಿಯಾಗ ಇದ್ದಾಕಿಗೆ ಹೇಳಬ್ಯಾಡ್ರಿ, ಮನಿ ಮುಟ್ಟೂತನಕ ಬಾಯಿ ಬಿಡಬ್ಯಾಡ್ರಿ” ಎಂದರಂತೆ ಕಲ್ಲಯ್ಯ ಮಾವ. ನಮ್ಮ ಕಡೆ ಹಾಗೇ ನಡೆದು ಬಂದಿದೆ, ನನಗೂ ಗೊತ್ತು. ಅವತ್ತು ಬೆಳಿಗ್ಗೆ ನಾವು ಪ್ರವಾಸದ ಬಸ್ಸು ಹತ್ತುವ ಮೊದಲೇ ಸಾಗರ್‌ಗೆ ತಿಳಿಸಿದ್ದೆ ನೀನು. ನಾನು ದೋಣಿಯಿಂದ ಕಳಿಸಿದ ಫೋಟೊಗೆ “ಛಂದ ಕಾಣ್ತಿ” ಅಂತ ಉತ್ತರವನ್ನೂ ಬರೆದೆ. ಯಾವ ಕೈಯಿಂದ ಬರೆದೆ ಅಕ್ಕ? ಬೈಯುತ್ತಿಲ್ಲ, ಕೇಳುತ್ತಿದ್ದೇನೆ.

ಒಂದು ಮಾತು ಯಾರಿಗೂ ಹೇಳಿಲ್ಲ. ದಂಡೆಯ ಮೇಲಿನ ಅಂಗಡಿಯಲ್ಲಿ ಅವ್ವನಿಗೆಂದು ಉಣ್ಣೆಯ ಶಾಲು ನೋಡಿದೆ. ಕೆಂಪೋ ಬೂದೋ ಎಂದು ಸಾಗರ್ ಅವರನ್ನು ಕೇಳಿದೆ. ಎರಡನ್ನೂ ಮುಟ್ಟಿ ನೋಡಿ, “ಬೂದು ತಗೋ, ಅವರಿಗೆ ಗಾಢ ಬಣ್ಣ ಸೇರಂಗಿಲ್ಲ” ಅಂದರು. ಆಗ ಅವರಿಗೆ ಗೊತ್ತಿತ್ತು. ಕೆಟ್ಟವರಲ್ಲ. ಅವತ್ತು ಹೊಟ್ಟೆ ಸರಿಯಿಲ್ಲವೆಂದು ಊಟ ಬಿಟ್ಟಿದ್ದರು. ಆದರೆ ಈಗ ಸಾರಿಗೆ ಉಪ್ಪು ಕಡಿಮೆ ಅಂದರೂ ನಿಜವೋ ಎಂದು ಅವರ ಮುಖ ನೋಡುತ್ತೇನೆ.

ಊರಿಗೆ ಹೋಗಿಬರುತ್ತೇನೆ ಅಂದರೆ, “ಮಣ್ಣೇ ಆಗೇತಿ, ಈಗ ಹೋಗಿ ಯಾರ ಮಾರಿ ನೋಡ್ತಿ? ಹಿತಾನ ಪರೀಕ್ಷೆ ಮುಗೀಲಿ” ಅನ್ನುತ್ತಾರೆ. ಮಗಳೂ “ಅಮ್ಮಾ, ನೆಕ್ಸ್ಟ್ ಮಂತ್, ಪ್ಲೀಸ್” ಅನ್ನುತ್ತಾಳೆ. ಎಲ್ಲರದೂ ಸರಿಯೇ. ಯಾರೂ ಬಾಗಿಲಿಗೆ ಬೀಗ ಹಾಕಿಲ್ಲ. ಕಾರು ಓಡಿಸಲು ಬಾರದ ನಾನು ಕೆಳಗಿನ ಅಂಗಡಿಯವರೆಗೆ ಇಳಿಯುತ್ತೇನೆ, ಕೊತ್ತಂಬರಿ ಹಿಡಿದು ಮತ್ತೆ ಹತ್ತುತ್ತೇನೆ. ಅಲ್ಲಿನ ಸಮಾಧಿಯ ಗುಡ್ಡೆಯ ಮೇಲೆ ಒಂದು ಹಿಡಿ ಮಣ್ಣು ಹಾಕುವವರೆಗೆ, ಅವ್ವ ಇಲ್ಲ ಅನ್ನುವುದು ನನಗೆ ಬೇರೆಯವರು ಹೇಳಿದ ಮಾತು ಮಾತ್ರ.

ನಿನ್ನ ತಂಗಿ,
ಪ್ರಿಯಾಂಕಾ

ತಾ.ಕ.: ಇದನ್ನು ಅಂಚೆಗೆ ಹಾಕುವುದಿಲ್ಲ, ನಿನ್ನ ಕೈಗೇ ಕೊಡುತ್ತೇನೆ. ಟ್ರಾವೆಲ್ಸಿನಲ್ಲಿ ಕೆಲಸ ಮಾಡುವ ಕೆಳಮನೆಯ ಡೊರೊತಿ, “ಎಷ್ಟು ಸಲ ಕೇಳ್ತಾ ಕೂರ್ತೀರಿ ಮಾರಾಯ್ರೆ, ಖಲಾಸ್, ಹೊರಡಿ” ಅಂತ ಟಿಕೆಟ್ ಮಾಡಿಸಿಕೊಟ್ಟಳು. ಹಿತಾಗೆ ಊಟ ಅವಳ ಮನೆಯಲ್ಲಿ. ಸಾಗರ್‌ಗೆ ಇನ್ನೂ ಹೇಳಿಲ್ಲ. ಬೆಂಗಳೂರಿನ ವಿಮಾನ ನಾಳೆ ಮಧ್ಯಾಹ್ನ.